ನದಿ ಯಾವ ಕಡೆ

ಎಲ್ಲರೂ ಕೇಳುವುದು ಒಂದೇ: ಕಿಟಕಿ ಸಿಗುತ್ತದಾ?
ಮನಾಮದ ಈ ಎರಡನೇ ಮಹಡಿ,
ಕೆಳಗೆ ಬಂಗಾರದಂಗಡಿ, ಮೇಲೆ ಹಲ್ಲಿನ ಡಾಕ್ಟರು,
ನಡುವೆ ನಾನು. ಹದಿನಾಲ್ಕು ವರ್ಷದಿಂದ
ರೈಲೂ ಇಲ್ಲದ ನದಿಯೂ ಇಲ್ಲದ ದ್ವೀಪದಲ್ಲಿ ಕೂತು
ನದಿ ಪಕ್ಕದ ರೈಲು ಮಾರುತ್ತೇನೆ.

ಮೇಜಿನ ಫಲಕದಲ್ಲಿ ನನ್ನ ಹೆಸರು ಹನ್ನಾ.
ಹೊನ್ನೂರಮ್ಮ ಅಂದರೆ ಗಿರಾಕಿಯ ನಾಲಿಗೆ ಮುಗ್ಗರಿಸುತ್ತದೆಂದು
ಮ್ಯಾನೇಜರೇ ಕತ್ತರಿ ಹಾಕಿದ.

ಅಬು ಜಾಸಿಮ್ ಬಂದದ್ದು ಏಪ್ರಿಲಿನ ಒಂದು ಸಂಜೆ.
ಹಿಂದೆ ಉಮ್ಮು ಜಾಸಿಮ್, ಒಂದೊಂದೇ ಮೆಟ್ಟಿಲು,
ತನ್ನ ಮೊಣಕಾಲಿಗೆ ತಾನೇ ಬೈಯುತ್ತ.

ಪೋರ್ಚುಗಲ್ಲಿನ ದೋರು ಕಣಿವೆ. ಕರಪತ್ರದಲ್ಲಿ
ಬೆಟ್ಟದ ತಲೆಗೆ ಬಾಚಣಿಗೆ ಎಳೆದ ಹಾಗೆ ದ್ರಾಕ್ಷಿ ಸಾಲು.
"ಷರಾಬಿನ ರುಚಿ ನೋಡುವುದು ಅಂತ ಇದೆಯಲ್ಲ, ತೆಗೆ,"
ಅಂದ ಮುದುಕ. ತೆಗೆದೆ.
"ಅದರ ದುಡ್ಡೂ ತೆಗೆ."
ಪೋರ್ಟೊಗೆ ಮೂರು ಮೇಲ್ ಬರೆದ ಮೇಲೆ
ಹದಿನೆಂಟು ಯೂರೋ ಇಳಿಯಿತು.
"ಬಳ್ಳಿ ಏನು ತಪ್ಪು ಮಾಡಿದೆ ಪಾಪ," ಎಂದಳು ಮುದುಕಿ,
"ಅದನ್ನಾದರೂ ಇರಲಿ ಬಿಡು."

ಆಮೇಲೆ ಆ ಪ್ರಶ್ನೆ: ನದಿ ಯಾವ ಕಡೆ?
ನನಗೆ ಬಾಯಿಪಾಠ. ಬಲಗಡೆ ಕೂರಿ ಎಂದೆ,
ಮೊದಲ ಒಂದು ತಾಸು ಏನೂ ಕಾಣುವುದಿಲ್ಲ, ನಿದ್ದೆ ಮಾಡಬೇಡಿ,
ಆಮೇಲೆ ನೀರು ಗಾಜಿಗೇ ಬಂದು ನಿಲ್ಲುತ್ತದೆ.
"ನೋಡಿದ್ದೀಯಾ?"
ನೂರು ಸಲ, ಎಂದೆ.
ಅದು ಕೆಲಸದ ಸುಳ್ಳು, ಸಂಬಳದಲ್ಲೇ ಸೇರಿದೆ.

ನಾನು ಬೆಳೆದದ್ದು ಬಳ್ಳಾರಿ ಕಡೆಯ ಒಂದು ರೈಲ್ವೆ ಗೇಟಿನಲ್ಲಿ.
ಅಪ್ಪನ ಕೈಯಲ್ಲಿ ಹಸಿರು ಬಾವುಟ,
ನನ್ನ ಮೂಗಿನಲ್ಲಿ ಅದಿರಿನ ಕೆಂಪು ಧೂಳು.
ರೈಲೆಂದರೆ ಸರಸರ ಸರಿದುಹೋಗುವ ಮುಖಗಳು:
ಬಾಳೆಹಣ್ಣು ಸುಲಿಯುವ ಒಂದು, ಆಕಳಿಸುವ ಒಂದು,
ಕಣ್ಣರಳಿಸಿ ಏನನ್ನೋ ನೋಡುವ ಒಂದು.
ಏನನ್ನು? ಆ ಬಯಲಲ್ಲಿ
ನೋಡುವುದಕ್ಕೆ ಇದ್ದವರು ನಾವಿಬ್ಬರೇ.

ಜೂನಿನಲ್ಲಿ ಮತ್ತೆ ಬಂದರು. ಹೊರಗೆ ಗಾಳಿಯೇ ಬೆವರುತ್ತಿತ್ತು.
ಮುದುಕ ಸಿಟ್ಟಿನಲ್ಲಿದ್ದ.
"ಸೇತುವೆ ಬಂತು, ಹನ್ನಾ. ನೀನು ಹೇಳಲಿಲ್ಲ.
ದಾಟಿದ ಮೇಲೆ ನದಿ ಎಡಗಡೆ!
ಕೊನೆಯ ಮುಕ್ಕಾಲು ಗಂಟೆ ಬರೀ ಬಂಡೆ ತೋರಿಸಿದೆ ನನಗೆ."
ರೈಲು ತುಂಬಿತ್ತಂತೆ. ಮೊಣಕಾಲು ಏಳಲೊಲ್ಲದಾಯಿತಂತೆ.

ನಕ್ಷೆ ಬಿಡಿಸಿದೆ. ಹೌದು,
ಎಳ್ಳಿನಷ್ಟು ಒಂದು ಸೇತುವೆ. ಸರಿಯಾಗಿ ಅದರ ಮೇಲೇ
ನನ್ನ ಕಾಫಿ ಲೋಟದ ಹಳೆಯ ದುಂಡು ಕಲೆ.

"ಬಿಡು," ಎಂದಳು ಉಮ್ಮು ಜಾಸಿಮ್. "ನಾನು ನೋಡಿದೆ.
ಎಡಗಡೆ ಸೀಟಿನಲ್ಲಿ ಒಬ್ಬ ಹುಡುಗಿ ಇದ್ದಳು.
ನೀರು ಅವಳ ಗದ್ದದ ಮೇಲೆ ಅಲ್ಲಾಡುತ್ತಿತ್ತು,
ಗದ್ದದಿಂದ ಹಣೆಗೆ, ಹಣೆಯಿಂದ ಚಾವಣಿಗೆ.
ಒಂದು ಸುರಂಗ ಬಂದಾಗ ಆರಿತು. ಮತ್ತೆ ಹತ್ತಿಕೊಂಡಿತು."
ಮುದುಕ ಮುಖ ತಿರುಗಿಸಿ ಕ್ಯಾಲೆಂಡರು ಓದುತ್ತಿದ್ದ.

ಆಮೇಲೆ ಚೀಲದಿಂದ ಒಂದು ಡಬ್ಬಿ ಹೊರಬಂತು.
ಪಿನ್ಯಾವ್ ನಿಲ್ದಾಣದಲ್ಲಿ, ನೀಲಿ ಚಿತ್ರದ ಹೆಂಚಿನ ಗೋಡೆಗೆ
ಎಲ್ಲರೂ ಫೋನು ಹಿಡಿದು ನಿಂತಾಗ
ಬೇಲಿಯಾಚೆ ಕೈ ಚಾಚಿ ಕದ್ದದ್ದು,
ಬಳ್ಳಿಗೆ ಎರಡೇ ಎಲೆ, ಚಿಗುರು ಮಾತ್ರ.
ಹೋಟೆಲಿನಲ್ಲಿ ಉಪ್ಪು ಬೇಡಿ, ಬಾಟಲಿಗೆ ತುಂಬಿ,
ಬುರ್ಖಾದ ಮಡಿಕೆಯಲ್ಲಿ ಸುತ್ತಿ ತಂದಿದ್ದಳು.
ಈಗ ಅದರೊಳಗೆ ಅನ್ನ, ಸಬ್ಬಸಿಗೆ, ಒಣನಿಂಬೆಯ ಕಪ್ಪು ಹುಡಿ,
ಬೆರಳುದ್ದದ ಸುರುಳಿಗಳು, ಇನ್ನೂ ಬಿಸಿ.

ಕಚ್ಚಿದೆ. ಮೊದಲು ಹುಳಿ, ಆಮೇಲೆ ಉಪ್ಪು,
ಆಮೇಲೆ ಒಂದು ನಾರು
ಹಲ್ಲಿನ ಸಂದಿಗೆ ಸಿಕ್ಕಿಕೊಂಡು ಬರಲೊಲ್ಲದು.
"ಹೇಗಿದೆ?" ಎಂದಳು.
ಹೋಗಿಲ್ಲ, ಎಂದೆ. ಒಂದು ಸಲವೂ.
"ಗೊತ್ತು," ಎಂದು
ಇನ್ನೊಂದನ್ನು ನನ್ನ ಕಡೆ ಸರಿಸಿದಳು.

ಅವರು ಇಳಿದುಹೋದ ಮೇಲೆ
ಒದ್ದೆ ಬಟ್ಟೆಯಿಂದ ನಕ್ಷೆ ಒರೆಸಿದೆ. ಕಲೆ ಹೋಗಲಿಲ್ಲ.
ಅದರ ಮೇಲೇ ಪೆನ್ನು ಒತ್ತಿ
ಎಡಕ್ಕೊಂದು ಬಾಣ ಬರೆದೆ.